ಹತ್ತು ಕೈ, ಒಂದು ಮನಸ್ಸು

ಅಪಘಾತ ಚಿಕಿತ್ಸೆಯ ಕೋಣೆಯಲ್ಲಿ ನಾಯಕತ್ವ, ಮಾತು ಮತ್ತು ಕೂಡಿ ದುಡಿಯುವ ಧರ್ಮ

ಮನೆಯಲ್ಲಿ ಕಾಯಿಲೆಯವರು ಗುಣಮುಖರಾದಾಗ ನಾವು ಒಬ್ಬ ವೈದ್ಯರ ಹೆಸರನ್ನು ನೆನೆದು ಕೈಮುಗಿಯುತ್ತೇವೆ. 'ಅವರ ಕೈಗುಣ ದೊಡ್ಡದು' ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತೇವೆ. ಉಪಕಾರವನ್ನು ಸ್ಮರಿಸುವ ಈ ಪದ್ಧತಿ ಒಳ್ಳೆಯದೇ. ಆದರೆ ರಸ್ತೆಯ ಮೇಲೆ ಪೆಟ್ಟು ತಿಂದು, ರಕ್ತ ಸೋರುತ್ತ, ಪ್ರಜ್ಞೆ ತಪ್ಪಿ ಆಸ್ಪತ್ರೆಯ ಬಾಗಿಲಿಗೆ ಬಂದ ಜೀವವು ಒಬ್ಬರ ಕೈಗುಣದಿಂದ ಉಳಿಯುವುದು ಅಪರೂಪ. ಅಲ್ಲಿ ಐದಾರು ಮಂದಿ ಏಕಕಾಲಕ್ಕೆ ದುಡಿಯಬೇಕು. ಒಬ್ಬರು ಉಸಿರನ್ನು ಕಾಯಬೇಕು, ಮತ್ತೊಬ್ಬರು ರಕ್ತಸ್ರಾವವನ್ನು ತಡೆಯಬೇಕು, ಇನ್ನೊಬ್ಬರು ಔಷಧಿ ಸಿದ್ಧಪಡಿಸಬೇಕು. ಇವರೆಲ್ಲರ ಕೈಗಳೂ ಒಂದೇ ಮನಸ್ಸಿನಿಂದ ನಡೆಯಬೇಕು. ಕೈಗಳೆಷ್ಟೇ ನಿಪುಣವಾಗಿದ್ದರೂ ಮನಸ್ಸು ಹಲವಾದರೆ ಜೀವ ಕೈತಪ್ಪಿ ಹೋಗುತ್ತದೆ.

ಇದು ದೂರದ ವಿಷಯವಲ್ಲ. ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಇಲಾಖೆಯ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾದವು; 1,68,491 ಜನರು ಪ್ರಾಣ ಕಳೆದುಕೊಂಡರು. ಜಾತ್ರೆಗೆ ಹೊರಟವರು, ಮದುವೆಯಿಂದ ಮರಳುತ್ತಿದ್ದವರು, ಬೆಳೆದ ಮಾಲನ್ನು ಪೇಟೆಗೆ ಒಯ್ಯುತ್ತಿದ್ದವರು, ಎಲ್ಲರೂ ಈ ಲೆಕ್ಕದಲ್ಲಿ ಸೇರಿದ್ದಾರೆ. ಇಂಥ ದುಃಖವನ್ನು ಹತ್ತಿರದಿಂದ ಕಾಣದ ಮನೆತನ ಇಂದು ವಿರಳ. ಆದುದರಿಂದ ಆ ಬಾಗಿಲಿನ ಒಳಗೆ ನಡೆಯುವ ಕಾಯಕದ ಸ್ವರೂಪವನ್ನು ಗೃಹಸ್ಥರಾದ ನಾವು ತಿಳಿಯುವುದು ಅಗತ್ಯ. ಅದರಲ್ಲಿ ನಮ್ಮ ಮನೆಗಳಿಗೂ ಮಠಗಳಿಗೂ ಅನ್ವಯಿಸುವ ಒಂದು ಪಾಠವಿದೆ.

ಹೊಲದಲ್ಲಿ ಬಿದ್ದ ವಿಮಾನ

ಅಪಘಾತ ಚಿಕಿತ್ಸೆಗೆ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಕ್ರಮವೊಂದು ಹುಟ್ಟಿದ್ದು ಒಬ್ಬ ತಂದೆಯ ಸಂಕಟದಿಂದ. 1976ರ ಫೆಬ್ರವರಿ ತಿಂಗಳಲ್ಲಿ ಅಮೆರಿಕದ ಎಲುಬು ತಜ್ಞರಾದ ಡಾ. ಜೇಮ್ಸ್ ಸ್ಟೈನರ್ ಅವರು ತಮ್ಮ ಪತ್ನಿ ಮತ್ತು ನಾಲ್ವರು ಮಕ್ಕಳೊಂದಿಗೆ ಸಣ್ಣ ವಿಮಾನವೊಂದನ್ನು ತಾವೇ ನಡೆಸಿಕೊಂಡು ಹೊರಟಿದ್ದರು. ನೆಬ್ರಾಸ್ಕಾ ರಾಜ್ಯದ ಹಳ್ಳಿಗಾಡಿನ ಹೊಲವೊಂದರಲ್ಲಿ ವಿಮಾನ ಅಪ್ಪಳಿಸಿತು. ಪತ್ನಿ ಅಲ್ಲಿಯೇ ತೀರಿಕೊಂಡರು. ಮಕ್ಕಳಿಗೆ ತೀವ್ರವಾದ ಗಾಯಗಳಾದವು. ತಮಗೂ ಪೆಟ್ಟಾಗಿದ್ದರೂ ಆ ವೈದ್ಯರು ಚಳಿಯ ರಾತ್ರಿಯಲ್ಲಿ ಮಕ್ಕಳನ್ನು ಕಾಪಾಡಿಕೊಂಡು, ರಸ್ತೆಯಲ್ಲಿ ಹೋಗುತ್ತಿದ್ದ ವಾಹನವನ್ನು ನಿಲ್ಲಿಸಿ, ಸಮೀಪದ ಊರಿನ ಆಸ್ಪತ್ರೆಗೆ ಅವರನ್ನು ಸಾಗಿಸಿದರು.

ಅಲ್ಲಿ ದೊರೆತ ಚಿಕಿತ್ಸೆಯನ್ನು ಕಂಡು ಅವರಿಗೆ ಆಘಾತವಾಯಿತು. ಅಲ್ಲಿನವರಲ್ಲಿ ದಯೆ ಇರಲಿಲ್ಲವೆಂದಲ್ಲ. ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಅನಂತರ ನೋಡಬೇಕು ಎಂಬ ಕ್ರಮವೇ ಅವರಿಗೆ ಗೊತ್ತಿರಲಿಲ್ಲ. ಬರಿಗೈಯಲ್ಲಿ, ಬಯಲಲ್ಲಿ, ತಾವು ಮಾಡಿದ ಆರೈಕೆಗಿಂತ ಆಸ್ಪತ್ರೆಯ ಆರೈಕೆ ಕಡಿಮೆಯಾಯಿತೆಂದರೆ ದೋಷ ವ್ಯಕ್ತಿಗಳದ್ದಲ್ಲ, ವ್ಯವಸ್ಥೆಯದು ಎಂದು ಅವರು ಮನಗಂಡರು. ಮುಂದೆ ಅವರು ಸಹೋದ್ಯೋಗಿಗಳೊಡನೆ ಸೇರಿ ಒಂದು ಶಿಕ್ಷಣಕ್ರಮವನ್ನು ರೂಪಿಸಿದರು. 1978ರಲ್ಲಿ ಮೊದಲ ತರಗತಿ ನಡೆಯಿತು. 1980ರಲ್ಲಿ ಅಮೆರಿಕದ ಶಸ್ತ್ರವೈದ್ಯರ ಮಹಾಸಂಸ್ಥೆ ಅದನ್ನು ತನ್ನದಾಗಿ ಸ್ವೀಕರಿಸಿತು. 'ಎ.ಟಿ.ಎಲ್.ಎಸ್.' ಎಂಬ ಹೆಸರಿನ ಆ ಶಿಕ್ಷಣವನ್ನು ಈಗ 80ಕ್ಕೂ ಹೆಚ್ಚು ದೇಶಗಳಲ್ಲಿ ಕಲಿಸುತ್ತಾರೆ, ಭಾರತವೂ ಅವುಗಳಲ್ಲೊಂದು.

ಅದರ ತಿರುಳು ಬಹು ಸರಳ. ಜೀವವನ್ನು ಯಾವುದು ಬೇಗ ಕೊಲ್ಲುತ್ತದೆಯೋ ಅದನ್ನು ಮೊದಲು ನೋಡಬೇಕು. ಮೊದಲು ಉಸಿರಿನ ದಾರಿ, ಅದರೊಡನೆಯೇ ಕತ್ತಿನ ಎಲುಬಿನ ರಕ್ಷಣೆ. ಎರಡನೆಯದು ಉಸಿರಾಟ. ಮೂರನೆಯದು ರಕ್ತಚಲನೆ ಮತ್ತು ರಕ್ತಸ್ರಾವದ ತಡೆ. ನಾಲ್ಕನೆಯದು ಮಿದುಳಿನ ಎಚ್ಚರ. ಐದನೆಯದು ಬಟ್ಟೆ ತೆಗೆದು ಮೈಯೆಲ್ಲ ಪರೀಕ್ಷಿಸಿ, ಮೈ ತಣ್ಣಗಾಗದಂತೆ ಹೊದಿಸುವುದು. ಕಾರಂಜಿಯಂತೆ ರಕ್ತ ಚಿಮ್ಮುತ್ತಿದ್ದರೆ ಎಲ್ಲಕ್ಕಿಂತ ಮೊದಲು ಅದನ್ನು ಅದುಮಿ ಹಿಡಿಯಬೇಕು. ಮುರಿದ ಕಾಲು ಎಷ್ಟೇ ಭೀಕರವಾಗಿ ಕಾಣಲಿ, ಉಸಿರಿನ ದಾರಿ ತೆರೆಯುವ ಮುನ್ನ ಕಣ್ಣು ಅದರ ಮೇಲೆ ನೆಡಬಾರದು.

ಒಬ್ಬರೇ ಇದ್ದರೆ ಈ ಐದನ್ನೂ ಒಂದಾದ ಮೇಲೊಂದರಂತೆ ಮಾಡಬೇಕಾಗುತ್ತದೆ. ಒಂದು ತಂಡವಿದ್ದರೆ ಐದೂ ಏಕಕಾಲಕ್ಕೆ ಸಾಗುತ್ತವೆ. ಪೆಟ್ಟು ತಿಂದವನಿಗೆ ಒಂದೊಂದು ನಿಮಿಷವೂ ಪ್ರಾಣದ ಬೆಲೆಯದು. ಹೀಗಾಗಿ ದೊಡ್ಡ ಆಸ್ಪತ್ರೆಗಳಲ್ಲಿ ಅಪಘಾತ ಚಿಕಿತ್ಸಾ ತಂಡಗಳು ರೂಪುಗೊಂಡವು. ಆದರೆ ತಂಡವೆಂದ ಕೂಡಲೇ ಹೊಸ ತೊಡಕೂ ಹುಟ್ಟಿತು: ಹತ್ತು ಕೈಗಳಿಗೆ ಒಂದು ಮನಸ್ಸನ್ನು ತರುವುದು ಹೇಗೆ?

ಸುಮ್ಮನೆ ನಿಂತವರು

ಇಂಥ ಕೋಣೆಯ ಬಾಗಿಲಿನಿಂದ ಇಣುಕಿ ನೋಡಿದ ಬಂಧುಗಳು ಹಲವು ಸಲ ಸಿಟ್ಟಾಗುತ್ತಾರೆ. ಎಳೆಯ ವೈದ್ಯರೂ ದಾದಿಯರೂ ಬೆವರು ಸುರಿಸುತ್ತಿರುತ್ತಾರೆ. ಹಿರಿಯರಂತೆ ಕಾಣುವ ಒಬ್ಬರು ಮಾತ್ರ ಸ್ಟ್ರೆಚರಿನ ಕಾಲ ಬಳಿ ಕೈಕಟ್ಟಿ ನಿಂತಿರುತ್ತಾರೆ. 'ದೊಡ್ಡ ಡಾಕ್ಟರು ಮುಟ್ಟಿಯೂ ನೋಡಲಿಲ್ಲ' ಎಂದು ಹೊರಗೆ ಬಂದು ದೂರುತ್ತಾರೆ. ನಾನೂ ಒಮ್ಮೆ ಹಾಗೆ ಸಿಟ್ಟಾದವನೇ. ಆ ಮಾತನ್ನು ಮುಂದೆ ಹೇಳುತ್ತೇನೆ.

ಸತ್ಯವೆಂದರೆ ಹಾಗೆ ನಿಂತವರೇ ತಂಡದ ನಾಯಕರು. ಅವರು ಕೈ ಹಾಕದಿರುವುದು ಅಲಕ್ಷ್ಯದಿಂದಲ್ಲ, ನಿಯಮದಿಂದ. ಒಬ್ಬ ವೈದ್ಯನು ಸೂಜಿ ಚುಚ್ಚಲು ರಕ್ತನಾಳವನ್ನು ಹುಡುಕತೊಡಗಿದನೆಂದರೆ ಅವನ ಜಗತ್ತು ಆ ಒಂದು ನಾಳದಷ್ಟೇ ಕಿರಿದಾಗುತ್ತದೆ. ಅತ್ತ ಉಸಿರು ನಿಂತದ್ದು ಅವನಿಗೆ ಕಾಣಿಸದು, ಹತ್ತು ನಿಮಿಷ ಕಳೆದದ್ದು ತಿಳಿಯದು. ಆದುದರಿಂದ ಯಾರಾದರೊಬ್ಬರು ಕೈ ಬರಿದಾಗಿಟ್ಟುಕೊಂಡು ಕಣ್ಣು, ಕಿವಿ ತೆರೆದು ನಿಲ್ಲಬೇಕು. ನಾಯಕನ ಬರಿಗೈಯೇ ತಂಡದ ದೊಡ್ಡ ಆಸ್ತಿ.

ರೋಗಿ ಬರುವ ಮುನ್ನವೇ ತಂಡದ ಕೆಲಸ ಆರಂಭವಾಗುತ್ತದೆ. ಆಂಬುಲೆನ್ಸಿನಿಂದ ಸುದ್ದಿ ಬಂದೊಡನೆ ನಾಯಕರು ಎಲ್ಲರನ್ನೂ ಕರೆದು ಒಬ್ಬೊಬ್ಬರಿಗೂ ಒಂದೊಂದು ಸ್ಥಾನ, ಒಂದೊಂದು ಕೆಲಸ ಹಂಚುತ್ತಾರೆ. ಅರಿವಳಿಕೆ ತಜ್ಞರು ತಲೆಯ ಬಳಿ. ಉಸಿರಿನ ದಾರಿ ಅವರ ಹೊಣೆ. ಅವರ ಪಕ್ಕದಲ್ಲಿ ಅವರಿಗೆ ನೆರವಾಗುವ ದಾದಿ. ಮೈ ಪರೀಕ್ಷಿಸುವ ವೈದ್ಯರು ಒಂದು ಬದಿಗೆ, ಡ್ರಿಪ್ ಹಾಕಿ ರಕ್ತದ ಮಾದರಿ ತೆಗೆಯುವವರು ಇನ್ನೊಂದು ಬದಿಗೆ. ಕ್ಷ-ಕಿರಣದವರು ಸಿದ್ಧರಾಗಿ ಕಾಯುತ್ತಾರೆ. ಒಬ್ಬರು ರಕ್ತನಿಧಿಗೆ ಸುದ್ದಿ ಮುಟ್ಟಿಸುತ್ತಾರೆ. ಇನ್ನೊಬ್ಬರು ಗಡಿಯಾರ ನೋಡಿಕೊಂಡು, ಯಾವ ಗಳಿಗೆಗೆ ಏನಾಯಿತೆಂಬುದನ್ನು ಬರೆಯುತ್ತ ಹೋಗುತ್ತಾರೆ. ಅಪರಿಚಿತರಿದ್ದರೆ ಪರಸ್ಪರ ಹೆಸರು ಹೇಳಿಕೊಳ್ಳುತ್ತಾರೆ.

ಹೆಸರು ಹೇಳಿಕೊಳ್ಳುವುದು ಬರಿಯ ಶಿಷ್ಟಾಚಾರವೆಂದು ತೋರಬಹುದು. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಶಸ್ತ್ರಚಿಕಿತ್ಸೆಗಾಗಿ ಪ್ರಕಟಿಸಿದ ಸುರಕ್ಷತಾ ಪಟ್ಟಿಯಲ್ಲಿ ಇದಕ್ಕೂ ಸ್ಥಾನ ದೊರೆಯಿತು. ಕತ್ತಿ ಹಾಕುವ ಮುನ್ನ ಎಲ್ಲರೂ ತಮ್ಮ ಹೆಸರು ಮತ್ತು ಕೆಲಸವನ್ನು ಹೇಳಬೇಕು, ರೋಗಿ ಯಾರು, ಯಾವ ಅಂಗ, ಯಾವ ಚಿಕಿತ್ಸೆ ಎಂಬುದನ್ನು ಗಟ್ಟಿಯಾಗಿ ಖಚಿತಪಡಿಸಿಕೊಳ್ಳಬೇಕು. ದೆಹಲಿಯೂ ಸೇರಿದಂತೆ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಪ್ರಯೋಗಿಸಿ 2009ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಶಸ್ತ್ರಚಿಕಿತ್ಸೆಯ ನಂತರದ ಮರಣ ನೂರಕ್ಕೆ 1.5ರಿಂದ 0.8ಕ್ಕೆ ಇಳಿದಿತ್ತು, ಗಂಭೀರ ತೊಡಕುಗಳು ನೂರಕ್ಕೆ 11ರಿಂದ 7ಕ್ಕೆ ಇಳಿದಿದ್ದವು. ಅಪಘಾತದ ಕೋಣೆಗೂ ಇದರಲ್ಲಿ ಪಾಠವಿದೆ. ಒಮ್ಮೆ ತನ್ನ ಹೆಸರನ್ನು ಗಟ್ಟಿಯಾಗಿ ಹೇಳಿದವನಿಗೆ ಮತ್ತೊಮ್ಮೆ ಬಾಯಿ ತೆರೆಯಲು ಅಂಜಿಕೆ ಕಡಿಮೆ.

ಮಾತು ತಿರುಗಿ ಬರಬೇಕು

ಆಂಬುಲೆನ್ಸಿನವರು ರೋಗಿಯನ್ನು ಒಪ್ಪಿಸುವಾಗ ಎಲ್ಲರೂ ಅರೆನಿಮಿಷ ಮೌನವಾಗಿ ಕೇಳಬೇಕೆಂಬುದು ಒಂದು ನಿಯಮ. ಉಸಿರು ಕಟ್ಟಿದ್ದರೆ, ರಕ್ತ ಹರಿಯುತ್ತಿದ್ದರೆ ಮಾತ್ರ ಕಾಯುವಂತಿಲ್ಲ. ವಯಸ್ಸೆಷ್ಟು, ಅಪಘಾತ ಎಷ್ಟು ಹೊತ್ತಿಗೆ ಆಯಿತು, ಹೇಗೆ ಆಯಿತು, ಎಲ್ಲೆಲ್ಲಿ ಗಾಯ, ನಾಡಿ ಮತ್ತು ರಕ್ತದೊತ್ತಡ ಎಷ್ಟು, ದಾರಿಯಲ್ಲಿ ಏನು ಚಿಕಿತ್ಸೆ ಕೊಟ್ಟರು, ಈ ಆರು ಮಾತುಗಳು ಒಂದೇ ಸಲ ಎಲ್ಲರ ಕಿವಿಗೂ ಬೀಳಬೇಕು. ನಾಲ್ವರು ನಾಲ್ಕು ಸಲ ಕೇಳಿದರೆ ನಾಲ್ಕು ಬಗೆಯ ಉತ್ತರಗಳು ಹುಟ್ಟುತ್ತವೆ.

ಅನಂತರ ಆಜ್ಞೆಯ ರೀತಿ. 'ಯಾರಾದರೂ ರಕ್ತ ತರಿಸಿ' ಎಂದರೆ ಯಾರೂ ತರಿಸುವುದಿಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರು ಹೋದರೆಂದೇ ಭಾವಿಸುತ್ತಾರೆ. ಮನೆಯ ಮದುವೆಯಲ್ಲಿ 'ಯಾರಾದರೂ ಬಾಗಿಲು ನೋಡಿಕೊಳ್ಳಿ' ಎಂದು ಹೇಳಿ ಕೆಟ್ಟವರಿಗೆ ಇದರ ಅರ್ಥ ಬೇಗ ಆಗುತ್ತದೆ. ಆದುದರಿಂದ ನಾಯಕರು ಹೆಸರು ಹಿಡಿದು ಕರೆಯುತ್ತಾರೆ. ಕೇಳಿದವರು ಆ ಮಾತನ್ನೇ ತಿರುಗಿ ಹೇಳುತ್ತಾರೆ. ಕೆಲಸ ಮುಗಿದೊಡನೆ 'ಆಯಿತು' ಎಂದು ತಿಳಿಸುತ್ತಾರೆ. ಹೊರಟ ಮಾತು ತಿರುಗಿ ಬಂದು ಸೇರಿದಾಗಲೇ ಅದು ಪೂರ್ಣವಾಯಿತೆಂದು ಲೆಕ್ಕ. ಔಷಧಿಯ ಪ್ರಮಾಣದಲ್ಲಿ ಹತ್ತು ಎಂದದ್ದು ಹದಿನೈದು ಎಂದು ಕೇಳಿಸಿದ್ದರೆ ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ.

ಈ ಕೋಣೆಯ ಮತ್ತೊಂದು ಪದ್ಧತಿಯನ್ನು ನಾನು ಬಹಳ ಮೆಚ್ಚಿದ್ದೇನೆ. ಬೆನ್ನೆಲುಬಿಗೆ ಪೆಟ್ಟಾಗಿರಬಹುದೆಂಬ ಶಂಕೆಯಿದ್ದಾಗ ರೋಗಿಯನ್ನು ಮರದ ದಿಮ್ಮಿಯಂತೆ, ತಲೆಯಿಂದ ಕಾಲಿನವರೆಗೆ ಒಂದೇ ನೇರದಲ್ಲಿ ಹೊರಳಿಸಬೇಕು. ಮೂವರು ಮೈಯನ್ನು ಹಿಡಿಯುತ್ತಾರೆ, ಒಬ್ಬರು ತಲೆಯನ್ನು ಹಿಡಿಯುತ್ತಾರೆ. ಆಗ ಆಜ್ಞೆ ನೀಡುವ ಅಧಿಕಾರ ತಲೆ ಹಿಡಿದವರದು. ಅವರು ಕಿರಿಯ ದಾದಿಯೇ ಆಗಿರಲಿ, ಮೈ ಹಿಡಿದವರು ದೊಡ್ಡ ಶಸ್ತ್ರವೈದ್ಯರೇ ಆಗಿರಲಿ, 'ಒಂದು, ಎರಡು, ಮೂರು' ಎಂದು ಎಣಿಸುವವರು ತಲೆ ಹಿಡಿದವರೇ. ಆ ಗಳಿಗೆಯಲ್ಲಿ ಪದವಿಗೆ ಬೆಲೆಯಿಲ್ಲ. ಯಾರ ಕೈಯಲ್ಲಿ ಅಪಾಯದ ಜಾಗವಿದೆಯೋ ಅವರ ಮಾತಿಗೆ ಬೆಲೆ.

ಕೇಳದೆ ಹೋದ ಮಾತು

ಇಷ್ಟೆಲ್ಲ ನಿಯಮಗಳಿದ್ದರೂ ಒಂದು ತೊಡಕು ಉಳಿಯುತ್ತದೆ. ಕಿರಿಯರಿಗೆ ಕಂಡದ್ದು ಹಿರಿಯರಿಗೆ ಕಾಣದಿದ್ದಾಗ ಏನು ಮಾಡಬೇಕು?

2005ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಘಟನೆಯೊಂದು ಈಗ ಅನೇಕ ದೇಶಗಳಲ್ಲಿ ವೈದ್ಯರಿಗೆ ಪಾಠವಾಗಿದೆ. ಅದು ಅಪಘಾತದ ಪ್ರಸಂಗವಲ್ಲ, ಆದರೆ ಪಾಠ ಅದೇ. ಎಲೇನ್ ಬ್ರೋಮಿಲಿ ಎಂಬ ಯುವ ಗೃಹಿಣಿ ಮೂಗಿನ ಸಣ್ಣದೊಂದು ಶಸ್ತ್ರಚಿಕಿತ್ಸೆಗೆ ದಾಖಲಾದರು. ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ಮುಚ್ಚಿಕೊಂಡಿತು. ಅನುಭವಿಗಳಾದ ಮೂವರು ತಜ್ಞರು ಗಂಟಲಿನೊಳಗೆ ನಳಿಕೆ ಇಳಿಸಲು ಮತ್ತೆ ಮತ್ತೆ ಯತ್ನಿಸಿದರು. ಆಗದೆಂದು ಕಂಡಾಗ ಕುತ್ತಿಗೆಯ ಮುಂಭಾಗದಲ್ಲಿ ರಂಧ್ರ ಮಾಡಿ ಉಸಿರು ಕೊಡುವುದು ಕೊನೆಯ ಮಾರ್ಗ. ದಾದಿಯೊಬ್ಬರು ಅದಕ್ಕೆ ಬೇಕಾದ ಸಲಕರಣೆಯನ್ನು ತಂದು, ತಂದಿರುವೆನೆಂದು ಹೇಳಿಯೂ ಬಿಟ್ಟರು. ಇನ್ನೊಬ್ಬರು ತೀವ್ರ ನಿಗಾ ಘಟಕದಲ್ಲಿ ಹಾಸಿಗೆ ಕಾದಿರಿಸಲು ಹೋದರು. ಆ ದಾದಿಯರಿಗೆ ಅಪಾಯ ಕಂಡಿತ್ತು. ಆದರೆ ವೈದ್ಯರ ಗಮನ ನಳಿಕೆಯ ಮೇಲೆಯೇ ನೆಟ್ಟಿತ್ತು. ಇನ್ನೂ ಗಟ್ಟಿಯಾಗಿ ಹೇಳುವ ದಾರಿ ದಾದಿಯರಿಗೆ ತೋಚಲಿಲ್ಲ. ಹದಿಮೂರು ದಿನಗಳ ಮೇಲೆ ಆ ತಾಯಿ ತೀರಿಕೊಂಡರು. ಮನೆಯಲ್ಲಿ ಎರಡು ಚಿಕ್ಕ ಮಕ್ಕಳಿದ್ದವು.

ಆಕೆಯ ಪತಿ ಮಾರ್ಟಿನ್ ಬ್ರೋಮಿಲಿ ವಿಮಾನ ಚಾಲಕರು. ವಿಮಾನರಂಗ ಈ ಪಾಠವನ್ನು ದೊಡ್ಡ ಬೆಲೆ ತೆತ್ತು ಕಲಿತಿತ್ತು. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದಲ್ಲಿ ಮಂಜು ಕವಿದ ಓಡುದಾರಿಯ ಮೇಲೆ ಎರಡು ಬೃಹತ್ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಹಾರಲು ಹೊರಟಿದ್ದ ವಿಮಾನದ ಎಂಜಿನಿಯರರು, ಎದುರಿನ ವಿಮಾನ ಇನ್ನೂ ದಾರಿ ಬಿಟ್ಟಿಲ್ಲವೇನೋ ಎಂದು ಸಂಶಯದಿಂದ ಕೇಳಿದ್ದರು. ಬಹು ಹಿರಿಯರಾದ ನಾಯಕರು ಬಿಟ್ಟಿದೆಯೆಂದು ಖಂಡಿತವಾಗಿ ನುಡಿದರು. ಎಂಜಿನಿಯರರು ಸುಮ್ಮನಾದರು. ಅಂದಿನಿಂದ ಚಾಲಕರಿಗೆ ವಿಮಾನ ನಡೆಸುವುದರೊಡನೆ, ಕಿರಿಯರು ಹೇಳುವ ಬಗೆಯನ್ನೂ ಹಿರಿಯರು ಕೇಳುವ ಬಗೆಯನ್ನೂ ಕಲಿಸುವ ಪದ್ಧತಿ ಬೆಳೆಯಿತು. ಮಾರ್ಟಿನ್ ಬ್ರೋಮಿಲಿಯವರು ವೈದ್ಯರ ಮೇಲೆ ಸೇಡು ಬಯಸಲಿಲ್ಲ. ಆದದ್ದನ್ನು ಪರಿಶೀಲಿಸಿ ಕಲಿಯಿರಿ ಎಂದು ಕೇಳಿಕೊಂಡರು. 2007ರಲ್ಲಿ ಅದಕ್ಕಾಗಿಯೇ ಒಂದು ಸಂಘಟನೆಯನ್ನು ಕಟ್ಟಿದರು. ದುಃಖವನ್ನು ದ್ವೇಷವಾಗಿಸದೆ ಲೋಕಹಿತವಾಗಿಸಿದ ಈ ನಡೆ ಶರಣಧರ್ಮಕ್ಕೆ ಹತ್ತಿರವಾದದ್ದು.

ಈಗ ಆಸ್ಪತ್ರೆಗಳಲ್ಲಿ ಕಿರಿಯರಿಗೆ ಮೂರು ಮೆಟ್ಟಿಲುಗಳ ಮಾತನ್ನು ಕಲಿಸುತ್ತಾರೆ. 2006ರಲ್ಲಿ ಅಮೆರಿಕದಲ್ಲಿ ರೂಪುಗೊಂಡ 'ಟೀಮ್‌ಸ್ಟೆಪ್ಸ್' ಎಂಬ ಶಿಕ್ಷಣದಲ್ಲಿ ಇದೂ ಸೇರಿದೆ. ಮೊದಲು, 'ನನಗೆ ಇದರ ಬಗ್ಗೆ ಚಿಂತೆಯಾಗುತ್ತಿದೆ' ಎನ್ನುವುದು. ಕೇಳದಿದ್ದರೆ, 'ಇದು ನನಗೆ ಸರಿಯೆನಿಸುತ್ತಿಲ್ಲ' ಎನ್ನುವುದು. ಆಗಲೂ ಕೇಳದಿದ್ದರೆ, 'ಇದರಿಂದ ರೋಗಿಗೆ ಅಪಾಯವಿದೆ' ಎಂದು ನೇರವಾಗಿ ನುಡಿಯುವುದು. ಮೂರರಲ್ಲಿಯೂ ನಿಂದೆಯಿಲ್ಲ, 'ನಿಮಗೆ ತಿಳಿಯದು' ಎಂಬ ಚುಚ್ಚುಮಾತಿಲ್ಲ. ಮಾತು ವ್ಯಕ್ತಿಯ ಮೇಲಲ್ಲ, ಅಪಾಯದ ಮೇಲೆ.

ನನ್ನ ತಪ್ಪು

ಇನ್ನು ನನ್ನ ಸಿಟ್ಟಿನ ಮಾತು. ಕೆಲವು ವರ್ಷಗಳ ಹಿಂದೆ ನನ್ನ ತಮ್ಮ ಮೋಟರ್ ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಸುದ್ದಿ ತಿಳಿದು ನಾನು ಓಡಿದೆ. ವಿವರ ಹೇಳಲು ಮನೆಯವರಲ್ಲಿ ಒಬ್ಬರು ಬನ್ನಿರೆಂದರು. ಹಿರಿಯನೆಂದು ನಾನೇ ಮುಂದಾದೆ. ತಮ್ಮನ ಸೊಸೆ ಕೈಚೀಲ ಹಿಡಿದುಕೊಂಡು ನನ್ನ ಹಿಂದೆ ನಿಂತಿದ್ದಳು. ಒಳಗೆ ಒಬ್ಬ ವೈದ್ಯರು ಕೈಕಟ್ಟಿ ನಿಂತದ್ದನ್ನು ಕಂಡು ನನಗೆ ಮೊದಲೇ ಸಿಟ್ಟು ಬಂದಿತ್ತು. ಅವರು ನನ್ನತ್ತ ತಿರುಗಿ, 'ಇವರು ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ?' ಎಂದು ಕೇಳಿದರು. 'ಬಿ.ಪಿ. ಮಾತ್ರೆ ಬಿಟ್ಟರೆ ಏನೂ ಇಲ್ಲ' ಎಂದು ನಾನು ಖಂಡಿತವಾಗಿ ಹೇಳಿದೆ.

'ದೊಡ್ಡ ಮಾವನವರೇ, ಅದಲ್ಲ...' ಎಂದು ಸೊಸೆ ಬಾಯಿ ತೆರೆದಳು. 'ಹಿರಿಯರು ಮಾತಾಡುವಾಗ ನಡುವೆ ಬರಬೇಡವಮ್ಮ' ಎಂದು ಗದರಿಸಿದೆ. ಅವಳು ತಲೆ ತಗ್ಗಿಸಿದಳು.

ಅಲ್ಲಿಯೇ ಬರೆದುಕೊಳ್ಳುತ್ತಿದ್ದ ಎಳೆಯ ದಾದಿಯೊಬ್ಬರು ಅದನ್ನು ಗಮನಿಸಿದ್ದರು. ಅವರು ನನ್ನನ್ನು ದಾಟಿ ಬಂದು, 'ಏನೋ ಹೇಳಲಿದ್ದಿರಲ್ಲ ಅಕ್ಕ, ಹೇಳಿ' ಎಂದರು. ಸೊಸೆ ಚೀಲದಿಂದ ಮಾತ್ರೆಯ ಪಟ್ಟಿಯನ್ನು ತೆಗೆದು ಕೊಟ್ಟಳು. ಹೃದಯದ ಕವಾಟದ ಶಸ್ತ್ರಚಿಕಿತ್ಸೆಯಾದ ಮೇಲೆ ತಮ್ಮನು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ದಿನವೂ ನುಂಗುತ್ತಿದ್ದ. ರಾತ್ರಿ ಅದನ್ನು ನೀರಿನೊಡನೆ ಕೊಡುತ್ತಿದ್ದವಳು ಅವಳೇ. ಶಸ್ತ್ರಚಿಕಿತ್ಸೆ ನನಗೆ ಗೊತ್ತಿತ್ತು, ಮಾತ್ರೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವುದು ನನಗೆ ಬಂದಿರಲಿಲ್ಲ.

ದಾದಿ ಅದನ್ನು ಗಟ್ಟಿಯಾಗಿ ಹೇಳಿದರು. ಕೈಕಟ್ಟಿ ನಿಂತಿದ್ದ ವೈದ್ಯರು ಆ ಮಾತನ್ನು ಅಷ್ಟೇ ಗಟ್ಟಿಯಾಗಿ ತಿರುಗಿ ಹೇಳಿ, 'ಒಳ್ಳೆಯದಾಯಿತು ಸಿಸ್ಟರ್' ಎಂದರು. ತಲೆಯೊಳಗೆ ರಕ್ತ ಸೋರುವ ಸಂದರ್ಭದಲ್ಲಿ ಆ ಮಾತ್ರೆ ಎಂಥ ಅಪಾಯಕಾರಿಯೆಂದು ನಾನು ಅನಂತರ ತಿಳಿದೆ. ಕೂಡಲೇ ಅದರ ಪ್ರಭಾವವನ್ನು ತಗ್ಗಿಸುವ ಔಷಧಿ ಹಾಕಿದರು, ತಲೆಯ ಸ್ಕ್ಯಾನಿಗೆ ಕಳುಹಿಸಿದರು. ತಮ್ಮನು ಉಳಿದ. ಇಂದಿಗೂ ಹೊಲಕ್ಕೆ ಹೋಗಿ ಬರುತ್ತಾನೆ. ಅವನನ್ನು ಉಳಿಸಿದ ತಂಡದಲ್ಲಿ ಆ ದಾದಿಯೂ ಇದ್ದಳು, ನಮ್ಮ ಸೊಸೆಯೂ ಇದ್ದಳು. ತಂಡಕ್ಕೆ ಅಡ್ಡವಾಗಿದ್ದವನು ನಾನೊಬ್ಬನೇ.

ಶೂನ್ಯಪೀಠದ ಅರ್ಥ

ಮಠದ ಪಾಠಶಾಲೆಯಲ್ಲಿ ಬೆಳೆದ ನಾನು ಗುರುಹಿರಿಯರ ಮುಂದೆ ಎದುರಾಡಬಾರದೆಂದು ಕಲಿತೆ. ನಲವತ್ತು ವರ್ಷ ಅದನ್ನೇ ಕಲಿಸಿದೆ. ಆ ದಿನದ ಅನಂತರ ನನ್ನನ್ನು ಒಂದು ಪ್ರಶ್ನೆ ಕಾಡಿತು. ಹಿರಿಯರ ತಪ್ಪನ್ನು ಕಂಡು ಹೇಳುವುದು ಅವಿನಯವೆ? ಕಂಡೂ ಸುಮ್ಮನಿರುವುದು ಭಕ್ತಿಯೆ?

ಉತ್ತರ ನಮ್ಮ ಶರಣರ ಬದುಕಿನಲ್ಲಿಯೇ ಇದೆ; ನಾವು ಅದನ್ನು ಓದಿ ಪರೀಕ್ಷೆಗೆ ಬರೆದೆವು, ಬಾಳಿಗೆ ತರಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದ ಅನುಭವ ಮಂಟಪದಲ್ಲಿ ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಡೋಹರ ಕಕ್ಕಯ್ಯ ಮೊದಲಾದವರು ತಮ್ಮ ತಮ್ಮ ಕಾಯಕದಿಂದ ಎದ್ದು ಬಂದು ಸರಿಸಮನಾಗಿ ಕುಳಿತರು. ವೈದ್ಯವೃತ್ತಿಯ ಸಂಗಣ್ಣನೂ ವಚನಕಾರರಲ್ಲೊಬ್ಬ. ಅಲ್ಲಿ ಅಧ್ಯಕ್ಷಸ್ಥಾನದಲ್ಲಿದ್ದವರು ಅಲ್ಲಮಪ್ರಭುಗಳು. ಆ ಪೀಠಕ್ಕೆ ಶೂನ್ಯಸಿಂಹಾಸನವೆಂದು ಹೆಸರು. ಅದರ ತಾತ್ವಿಕ ಅರ್ಥ ಆಳವಾದದ್ದು. ಅದನ್ನು ಇಲ್ಲಿ ಬಿಡಿಸಲು ಹೊರಟಿಲ್ಲ. ಲೌಕಿಕಕ್ಕೆ ನಿಲುಕುವ ಒಂದು ಅರ್ಥವನ್ನಷ್ಟೇ ಹೇಳುತ್ತೇನೆ: 'ನಾನು' ಎಂಬುದನ್ನು ಬರಿದುಮಾಡಿಕೊಂಡವನು ಮಾತ್ರ ಎಲ್ಲರ ಮಾತನ್ನೂ ಕೇಳಬಲ್ಲ. ಸ್ಟ್ರೆಚರಿನ ಕಾಲ ಬಳಿ ಬರಿಗೈಯಲ್ಲಿ ನಿಂತ ವೈದ್ಯರನ್ನು ನೆನೆದಾಗ ನನಗೆ ಆ ಪೀಠ ನೆನಪಾಗುತ್ತದೆ.

ಹೇಳುವವರ ಧೈರ್ಯಕ್ಕೂ ನಮ್ಮಲ್ಲಿ ಆದರ್ಶವಿದೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ನಮಗೆ ಬೇಕಾದಷ್ಟಕ್ಕಿಂತ ಇದು ಹೆಚ್ಚಾಯಿತು, ಮರಳಿ ಸುರಿದು ಬನ್ನಿ ಎಂದು ತಿದ್ದಿದವರು ಪತ್ನಿ ಲಕ್ಕಮ್ಮನವರು. ಅದು ಪತಿಯ ಅವಮಾನವಾಗಲಿಲ್ಲ. ಮಾರಯ್ಯನವರ ಕಾಯಕ ಅದರಿಂದ ಶುದ್ಧವಾಯಿತು. ಲಕ್ಕಮ್ಮನವರು ಹೇಳಿದ್ದು ಎಷ್ಟು ದೊಡ್ಡದೋ ಮಾರಯ್ಯನವರು ಕೇಳಿದ್ದೂ ಅಷ್ಟೇ ದೊಡ್ಡದು. ಆ ಕಥೆಯನ್ನು ನಾನು ಎಷ್ಟೋ ಪ್ರವಚನಗಳಲ್ಲಿ ಹೇಳಿದ್ದೆ. ಆದರೂ ಆಸ್ಪತ್ರೆಯಲ್ಲಿ ನನ್ನ ಹಿಂದೆ ನಿಂತ ಲಕ್ಕಮ್ಮನನ್ನು ಗುರುತಿಸಲಿಲ್ಲ.

ಗೃಹಸ್ಥರು ಮಾಡಬೇಕಾದದ್ದು

ಅಪಘಾತದ ಚಿಕಿತ್ಸೆ ಆಸ್ಪತ್ರೆಯಲ್ಲಿ ಅಲ್ಲ, ರಸ್ತೆಯಲ್ಲಿಯೇ ಆರಂಭವಾಗುತ್ತದೆ. ಮೊದಲ ತಂಡ ನಾವೇ. ನಮ್ಮ ರಾಜ್ಯದಲ್ಲಿ 2008ರಲ್ಲಿ ಆರಂಭವಾದ 108ರ ಆಂಬುಲೆನ್ಸನ್ನು ಕೂಡಲೇ ಕರೆಯಬೇಕು. ಕರೆಯುವವರು ಯಾರೆಂದು ಹೆಸರು ಹಿಡಿದು ಹೇಳಬೇಕು. ಸೋರುವ ಗಾಯವನ್ನು ಶುದ್ಧ ಬಟ್ಟೆಯಿಂದ ಬಿಗಿಯಾಗಿ ಅದುಮಿ ಹಿಡಿಯಬೇಕು. ಬೆಂಕಿ, ಸಂಚಾರ ಮೊದಲಾದ ಅಪಾಯಗಳಿಲ್ಲದಿದ್ದರೆ ಗಾಯಾಳುವನ್ನು ಎಳೆದಾಡಬಾರದು, ಕತ್ತನ್ನು ಬಗ್ಗಿಸಬಾರದು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು. ಬಾಯಾರಿಕೆ ಎಂದಾಗ ನಮ್ಮ ಕರುಳು ಚುರ್ ಎನ್ನುವುದು ಸಹಜ. ಆದರೆ ಆ ನೀರು ಶ್ವಾಸನಾಳಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು.

ಪೊಲೀಸರ ಭಯದಿಂದ ಹಿಂಜರಿಯಬೇಕಾಗಿಲ್ಲ. ಗಾಯಾಳುವಿಗೆ ನೆರವಾದವರ ರಕ್ಷಣೆಗಾಗಿ ರೂಪಿಸಿದ ನಿಯಮಗಳಿಗೆ ಸುಪ್ರೀಂ ಕೋರ್ಟು 2016ರ ಮಾರ್ಚಿಯಲ್ಲಿ ಕಾನೂನಿನ ಬಲ ಕೊಟ್ಟಿತು. 2019ರಲ್ಲಿ ಮೋಟರು ವಾಹನ ಕಾಯಿದೆಗೆ 134ಎ ಎಂಬ ಹೊಸ ಕಲಮು ಸೇರಿತು. ಸದ್ಭಾವನೆಯಿಂದ ನೆರವಾದವರನ್ನು ಹೆಸರು, ವಿಳಾಸ ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ.

ಆಸ್ಪತ್ರೆಯಲ್ಲಿ ಹತ್ತು ಜನ ಮಾತಾಡದೆ ಒಬ್ಬರು ಮಾತಾಡಬೇಕು. ಆ ಒಬ್ಬರು ಮನೆಯ ಹಿರಿಯರೇ ಆಗಬೇಕೆಂದಿಲ್ಲ, ವಿಷಯ ಬಲ್ಲವರಾಗಿರಬೇಕು. ವೈದ್ಯರು ಕೇಳುವುದು ಐದು ಮಾತು: ಯಾವ ಔಷಧಿ ಮೈಗೆ ಒಗ್ಗುವುದಿಲ್ಲ, ದಿನವೂ ಯಾವ ಮಾತ್ರೆ ಸೇವಿಸುತ್ತಾರೆ, ಹಿಂದೆ ಯಾವ ಕಾಯಿಲೆ ಅಥವಾ ಶಸ್ತ್ರಚಿಕಿತ್ಸೆ ಆಗಿತ್ತು (ಹೆಣ್ಣುಮಕ್ಕಳಾದರೆ ಬಸಿರೇ), ಕೊನೆಗೆ ಯಾವಾಗ ಊಟ ಮಾಡಿದ್ದರು, ಅಪಘಾತ ಹೇಗಾಯಿತು. ಈ ವಿವರಗಳಲ್ಲಿ ಮೊದಲ ಮೂರನ್ನು ಮನೆಯ ಪ್ರತಿಯೊಬ್ಬರ ಹೆಸರಿನಲ್ಲಿಯೂ ಒಂದು ಚೀಟಿಯಲ್ಲಿ ಬರೆದು ದೇವರ ಕೋಣೆಯ ಬಳಿಯೋ ಗೋಡೆಯ ಕ್ಯಾಲೆಂಡರಿನ ಹಿಂದೆಯೋ ಇಟ್ಟರೆ ಒಳಿತು. ನಮ್ಮ ಮನೆಯ ಚೀಟಿಯನ್ನು ಬರೆದವಳು ಅದೇ ಸೊಸೆ.

ಕೊನೆಯ ಮಾತು ತಂದೆತಾಯಂದಿರಿಗೆ. ಬೆಳಗಾವಿಯ ಕೆ.ಎಲ್.ಇ., ಮೈಸೂರಿನ ಜೆ.ಎಸ್.ಎಸ್., ದಾವಣಗೆರೆಯ ಬಾಪೂಜಿ ಮೊದಲಾದ ಸಂಸ್ಥೆಗಳ ವೈದ್ಯಕೀಯ ಹಾಗೂ ದಾದಿ ಶಿಕ್ಷಣದ ಕಾಲೇಜುಗಳಲ್ಲಿ ನಮ್ಮ ಅನೇಕ ಮನೆಗಳ ಮಕ್ಕಳು ಓದುತ್ತಿದ್ದಾರೆ. ನಾಳೆ ಅವರೂ ಇಂಥ ಕೋಣೆಯಲ್ಲಿ ನಿಲ್ಲುವವರು. ಮನೆಯಲ್ಲಿ ಒಮ್ಮೆಯೂ ಹಿರಿಯರ ಮುಂದೆ ಬಾಯಿ ತೆರೆಯದ ಹುಡುಗಿ, ನಡುರಾತ್ರಿಯಲ್ಲಿ ದೊಡ್ಡ ಶಸ್ತ್ರವೈದ್ಯರಿಗೆ 'ಇದರಿಂದ ಅಪಾಯವಿದೆ' ಎಂದು ಹೇಗೆ ಹೇಳಿಯಾಳು? ವಿನಯದಿಂದ ಹೇಳುವುದನ್ನು ಮಕ್ಕಳಿಗೆ ಕಲಿಸೋಣ. ಅದಕ್ಕಿಂತ ಮೊದಲು, ಸಮಾಧಾನದಿಂದ ಕೇಳುವುದನ್ನು ಹಿರಿಯರಾದ ನಾವು ಕಲಿಯೋಣ. ಇಳಿವಯಸ್ಸಿನಲ್ಲಿ ನನಗೆ ಈ ಪಾಠ ಕಲಿಸಿದ ಆ ಹೆಸರರಿಯದ ದಾದಿಗೂ ನಮ್ಮ ಮನೆಯ ಸೊಸೆಗೂ ನನ್ನ ಶರಣು.